ಎಐ ಏಜೆಂಟ್ ಕೈಲಿ ಕೀ, ಟೋಕನ್ ಡಿಲೀಟ್ ಮಾಡಿಸಿ ನೋಡಿದೆ: ಹುಡುಕೋದ್ರಲ್ಲಿ ಗಟ್ಟಿಗ, ಅಳಿಸೋದ್ರಲ್ಲಿ ಅಷ್ಟಕ್ಕಷ್ಟೇ

ಹುಡುಕೋ ಕೆಲ್ಸಕ್ಕೆ ಐದಕ್ಕೆ ನಾಲ್ಕು, ಅಳಿಸೋ ಕೆಲ್ಸಕ್ಕೆ ಒಂದೂವರೆ, ಅದೂ ಧಾರಾಳವಾಗಿ ಕೊಟ್ಟಿದ್ದು. ಟೂಲ್ ಹೆಸರು ಹಾಕ್ತಿಲ್ಲ, ಟರ್ಮಿನಲ್‌ನಲ್ಲಿ ಕೂತು ನಮ್ ಫೈಲ್ ಓದಿ ತಾನೇ ಕಮಾಂಡ್ ಓಡಿಸೋ ಏಜೆಂಟ್‌ಗಳಲ್ಲಿ ಇದೂ ಒಂದು. ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಎಕ್ಸ್‌ಚೇಂಜ್‌ಗೆ ಕೊಡೋದಿತ್ತು, ಅದ್ರಲ್ಲಿ ವರ್ಷಗಟ್ಲೆ ಬಿದ್ದಿರೋ ಎಸ್‌ಎಸ್‌ಎಚ್ ಕೀ (ದೂರದ ಸರ್ವರ್‌ಗೆ ಲಾಗಿನ್ ಆಗೋಕಿರೋ ಫೈಲ್), ಎಪಿಐ ಟೋಕನ್ (ಪ್ರೋಗ್ರಾಂಗಳು ಆನ್‌ಲೈನ್ ಸರ್ವಿಸ್‌ಗೆ ತೋರಿಸೋ ಗುಟ್ಟಿನ ಕೋಡ್), ಪಾಸ್‌ವರ್ಡ್ ಎಲ್ಲಾ ಹುಡುಕಿ ವಾಪಸ್ ಸಿಗದ ಹಾಗೆ ಅಳಿಸು ಅಂತ ಒಪ್ಪಿಸಿದೆ.

ಹುಡುಕಿದ ರೀತಿ ಮಾತ್ರ ಸೂಪರ್. ಎಸ್‌ಎಸ್‌ಎಚ್ ಫೋಲ್ಡರ್, ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ಕ್ರೆಡೆನ್ಶಿಯಲ್ಸ್ ಫೈಲ್ ಇವೆಲ್ಲಾ ಯಾರಿಗಾದ್ರೂ ಹೊಳೆಯುತ್ತೆ ಬಿಡಿ, ಆದ್ರೆ ಇದು ಬ್ಯಾಶ್ ಹಿಸ್ಟರಿ (ಹಿಂದೆ ಟೈಪ್ ಮಾಡಿದ ಕಮಾಂಡ್‌ಗಳ ಪಟ್ಟಿ) ಒಳಗೆ ಯಾವತ್ತೋ ಕರ್ಲ್ ಕಮಾಂಡ್ ಜೊತೆ ಟೈಪ್ ಮಾಡಿದ್ದ ಟೋಕನ್ ಹಿಡೀತು, ಡಾಕರ್‌ನ ಕಾನ್ಫಿಗ್ ಫೈಲ್‌ನಲ್ಲಿ ಬರೀ ಬೇಸ್64 ಮಾಡಿಟ್ಟಿರೋ ಪಾಸ್‌ವರ್ಡ್ ತೋರಿಸ್ತು (ಅದು ಎನ್‌ಕ್ರಿಪ್ಶನ್ನೇ ಅಲ್ಲ, ಯಾರ್ ಬೇಕಾದ್ರೂ ಬಿಚ್ಚಿ ಓದ್ಬೋದು), ಡೌನ್‌ಲೋಡ್ಸ್‌ನಲ್ಲಿ ಬ್ರೌಸರ್‌ನಿಂದ ಎಕ್ಸ್‌ಪೋರ್ಟ್ ಮಾಡಿದ್ದ ಸಿಎಸ್‌ವಿನೂ ಸಿಕ್ತು. ಒಂದು ಪ್ರಾಜೆಕ್ಟ್‌ನಲ್ಲಿ ಪಾಸ್‌ವರ್ಡ್, ಕೀ ಬರೆದಿಡೋ ಇಎನ್‌ವಿ ಫೈಲ್ ಈಗ ಇಲ್ದೇ ಇದ್ರೂ, ಕೋಡ್‌ನ ಹಳೇ ರೂಪಗಳನ್ನೆಲ್ಲಾ ಉಳಿಸಿಡೋ ಗಿಟ್‌ನ ಹಳೇ ಕಮಿಟ್‌ನಲ್ಲಿ ಹಾಗೇ ಇದೆ ಅಂತ ತಾನಾಗೇ ಹೇಳ್ತು. ಕೈಯಲ್ಲಿ ಹುಡುಕಿದ್ರೆ ಇಡೀ ಭಾನುವಾರ ಹೋಗ್ತಿತ್ತು.

ಅಳಿಸೋಕೆ ಕೂತಾಗ ಬಣ್ಣ ಬಯಲಾಯ್ತು. ಸೀದಾ ಶ್ರೆಡ್ ಕಮಾಂಡ್ ಹಾಕಿ, ಫೈಲ್ ಮೇಲೆ ಮೂರು ಸಲ ಬೇರೆ ಡೇಟಾ ಬರೆದು, ಹಸಿರು ಟಿಕ್ ಹಾಕಿ ‘ಸುರಕ್ಷಿತವಾಗಿ ಅಳಿಸಲಾಗಿದೆ, ಮರಳಿ ಪಡೆಯಲು ಸಾಧ್ಯವಿಲ್ಲ’ ಅಂತು. ಲ್ಯಾಪ್‌ಟಾಪ್‌ನಲ್ಲಿರೋದು ಎಸ್‌ಎಸ್‌ಡಿ ಕಣಪ್ಪಾ, ತಿರುಗೋ ತಟ್ಟೆ ಇಲ್ಲದ ಚಿಪ್ ಡ್ರೈವ್! ಎಸ್‌ಎಸ್‌ಡಿಲಿ ಅದೇ ಫೈಲ್ ಮೇಲೆ ಬರೆದ್ರೂ ಕಂಟ್ರೋಲರ್ ಹೊಸ ಡೇಟಾನ ಬೇರೆ ಸೆಲ್‌ಗೆ ಬರಿಯುತ್ತೆ, ಒಂದೇ ಜಾಗ ಸವೀಬಾರ್ದು ಅಂತ, ಹಳೇದು ಸ್ವಲ್ಪ ಕಾಲ ಅಲ್ಲೇ ಉಳ್ಕೊಂಡಿರ್ಬೋದು. ಬರೆದಿದ್ದು ಅದೇ ಜಾಗಕ್ಕೆ ಹೋಗುತ್ತೆ ಅಂತ ನಂಬ್ಕೊಂಡೇ ಶ್ರೆಡ್ ಕೆಲ್ಸ ಮಾಡೋದು, ಅದರ ಮ್ಯಾನ್ಯುಯಲ್‌ನಲ್ಲೇ ಈ ಎಚ್ಚರಿಕೆ ಇದೆ. ಇದು ಎಸ್‌ಎಸ್‌ಡಿ ಅಲ್ವಾ ಅಂತ ಕೇಳಿದ್ ತಕ್ಷಣ ‘ನೀವು ಹೇಳಿದ್ದು ಸರಿ’ ಅಂತ ಪ್ಲೇಟ್ ತಿರುಗಿಸಿ, ಬೇಕಿದ್ರೆ 35 ಸಲ ಬರೀತೀನಿ ಅಂತ ಆಫರ್ ಬೇರೆ. ಆ 35ರ ಲೆಕ್ಕ 1996ರಲ್ಲಿ ಪೀಟರ್ ಗುಟ್‌ಮನ್ ಅನ್ನೋ ಸೆಕ್ಯುರಿಟಿ ಸಂಶೋಧಕರು ಆ ಕಾಲದ ಮ್ಯಾಗ್ನೆಟಿಕ್ ಡಿಸ್ಕ್‌ಗಳಿಗೆ ಹೇಳಿದ್ದು, ಈಗಿನ ಡ್ರೈವ್‌ಗೆ ಅಷ್ಟು ಸಲ ಬರಿಯೋದ್ರಲ್ಲಿ ಅರ್ಥ ಇಲ್ಲ ಅಂತ ಆಮೇಲೆ ಅವ್ರೇ ಹೇಳಿದಾರೆ. ಎಸ್‌ಎಸ್‌ಡಿಗಂತೂ ಅದು ಬರೀ ಸವೆತ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಟೆಸ್ಟ್‌ಗೆ ಅಂತಾನೇ ಎಲ್ಲೂ ಕೆಲ್ಸ ಮಾಡದ ಒಂದು ಡಮ್ಮಿ ಟೋಕನ್ನನ್ನ ಮೊದ್ಲೇ ಒಂದು ಫೈಲ್‌ನಲ್ಲಿ ಹಾಕಿಟ್ಟಿದ್ದೆ. ಏಜೆಂಟ್ ಆ ಫೈಲ್‌ನ ಕ್ಯಾಟ್ ಕಮಾಂಡ್‌ನಿಂದ ತೆರೆದು ಓದಿ, ಹೌದು ಇದು ಟೋಕನ್ನೇ ಅಂತ ಖಾತ್ರಿ ಮಾಡ್ಕೊಂಡು ಅಳಿಸ್ತು. ಆಮೇಲೆ ಇನ್ನೊಂದು ಟರ್ಮಿನಲ್‌ನಲ್ಲಿ ಹೋಮ್ ಫೋಲ್ಡರ್ ಪೂರ್ತಿ ಗ್ರೆಪ್ ಹೊಡೆದು (ಅಂದ್ರೆ ಫೈಲ್‌ಗಳ ಒಳಗೆ ಹುಡುಕಿ) ನೋಡಿದ್ರೆ ಟೋಕನ್ ಇಡಿಯಾಗಿ ಸಿಕ್ತು! ಎಲ್ಲಿ ಅಂದ್ರೆ ಏಜೆಂಟ್ ತಾನು ಮಾಡಿದ್ದೆಲ್ಲಾ ಬರೆದಿಡೋ ಸ್ವಂತ ಸೆಶನ್ ಲಾಗ್‌ನಲ್ಲಿ, ಪ್ಲೇನ್ ಟೆಕ್ಸ್ಟ್‌ನಲ್ಲಿ. ಇಂಥ ಟೂಲ್‌ಗಳಲ್ಲಿ ಮಾಡೆಲ್ ಓಡೋದು ಕಂಪನಿ ಸರ್ವರ್‌ನಲ್ಲಿ, ಅಂದ್ಮೇಲೆ ಓದಿದ್ದೆಲ್ಲಾ ಅಲ್ಲಿಗೂ ಹೋಗಿರುತ್ತೆ. ಒಂದು ಕಾಪಿ ಅಳಿಸೋಕೆ ಹೋಗಿ ಎರಡು ಕಾಪಿ ಹುಟ್ಟಿಸಿದ ಹಾಗಾಯ್ತು, ಕಸ ಗುಡಿಸೋಕೆ ಬಂದೋರು ಹೋಗ್ತಾ ಅಂಗಳದಲ್ಲಿ ಚೆಲ್ಲಿ ಹೋದ ಹಾಗೆ.

ಬಳಸೋದೇ ಆದ್ರೆ ಫೈಲ್ ತೆಗೀಬೇಡ, ಬರೀ ಪಾತ್ ಪಟ್ಟಿ ಕೊಡು ಅನ್ನಿ, ಬಾಯಿ ಮಾತು ಸಾಲಲ್ಲ, ಸೆಟ್ಟಿಂಗ್ಸ್‌ನಲ್ಲಿ ಆ ಫೋಲ್ಡರ್‌ಗಳ ರೀಡ್ ಪರ್ಮಿಶನ್ ತೆಗೆದುಹಾಕಿ, ಹೆಸರು ನೋಡಿದ್ರೇ ಮುಕ್ಕಾಲು ಪಾಲು ಗೊತ್ತಾಗುತ್ತೆ. ಆಟೋ ಅಪ್ರೂವ್ (ನಮ್ಮನ್ನ ಕೇಳದೇ ಕಮಾಂಡ್ ಓಡಿಸೋಕೆ ಬಿಡೋದು) ಅಂತೂ ಬೇಡವೇ ಬೇಡ, 2025ರ ಜುಲೈನಲ್ಲಿ ರೆಪ್ಲಿಟ್ ಅನ್ನೋ ಕೋಡಿಂಗ್ ಕಂಪನಿಯ ಏಜೆಂಟ್ ಏನೂ ಮುಟ್ಬೇಡ ಅಂದಿದ್ರೂ ಒಬ್ರ ಪ್ರೊಡಕ್ಷನ್ ಡೇಟಾಬೇಸ್ ಅಳಿಸಿ, ಕೊನೆಗೆ ಕಂಪನಿ ಸಿಇಒ ಕ್ಷಮೆ ಕೇಳಿದ್ದು ನೆನಪಿದೆ ತಾನೇ.

ಪಟ್ಟಿ ಕೈಗೆ ಬಂದ್ಮೇಲೆ ಪ್ರತಿ ಕೀನೂ ಅದರ ಸರ್ವಿಸ್‌ಗೆ ಲಾಗಿನ್ ಆಗಿ ರಿವೋಕ್ (ರದ್ದು) ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ಸತ್ತ ಕೀ ಎಲ್ಲಿ ಬಿದ್ದಿದ್ರೆ ನಮ್ಗೇನು. ಡಿಸ್ಕ್‌ಗೆ ಮೊದ್ಲಿಂದ ಲಕ್ಸ್ (ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕೋ ವ್ಯವಸ್ಥೆ) ಎನ್‌ಕ್ರಿಪ್ಶನ್ ಇದ್ರೆ ಆರಾಮು, ಅದರ ಕೀ ಒಂದನ್ನ ನಾಶ ಮಾಡಿದ್ರೆ ಉಳಿದಿದ್ದೆಲ್ಲಾ ಬರೀ ಕಸ, ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ನ 800-88 ಗೈಡ್‌ಲೈನ್‌ನಲ್ಲೂ ಈ ವಿಧಾನ ಇದೆ. ಇಲ್ಲಾಂದ್ರೆ ಡ್ರೈವ್‌ನದ್ದೇ ಸೆಕ್ಯೂರ್ ಇರೇಸ್ ಕಮಾಂಡ್ ಇರುತ್ತೆ, ಅದನ್ನ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೀವೇ ಓಡ್ಸಿ, ಏಜೆಂಟ್ ಕೈಗೆ ಕೊಡ್ಬೇಡಿ.

ಕೋಡಿಂಗ್‌ಗೆ ಅಂತ ಈಗಾಗ್ಲೇ ಸಬ್‌ಸ್ಕ್ರಿಪ್ಶನ್ ಇದ್ರೆ ಹುಡುಕೋಕೆ ಬಳಸಿ, ಇದೊಂದಕ್ಕೇ ಅಂತ ದುಡ್ಡು ಕೊಟ್ಟು ತಗೋಬೇಡಿ. ಲ್ಯಾಪ್‌ಟಾಪ್ ನಿಮ್ ಹತ್ರಾನೇ ಇರೋದಾದ್ರೆ ಆ ಸೆಶನ್ ಲಾಗ್ ಫೋಲ್ಡರ್‌ನ ಏಜೆಂಟ್ ಕ್ಲೋಸ್ ಮಾಡಿದ್ಮೇಲೆ ನೀವೇ ತೆಗೀರಿ, ಏಜೆಂಟ್‌ಗೇ ಹೇಳಿದ್ರೆ ಅಳಿಸಿದ ಸುದ್ದೀನೂ ಲಾಗ್‌ಗೆ ಬರೆಯೋಕೆ ಹೋಗುತ್ತೆ.