ಮಕ್ಕಳಿಗೆ ಯಾವ ರೋಬೋಟ್ ಕಿಟ್? ಕೊಡಗಿನ ಮಳೆಗಾಲದಲ್ಲಿ ಆಡಿಸಿ ನೋಡಿದ್ದು

ಮಕ್ಕಳೇ ಜೋಡಿಸಿ, ಮಕ್ಕಳೇ ಕೋಡ್ ಬರೆದು ಓಡಿಸುವ ರೋಬೋಟ್ ಆಟಿಕೆ ಕೊಡಿಸೋಣ ಅಂತ ಹೊರಟರೆ ಆಯ್ಕೆಗೆ ಕೊನೆಯೇ ಇಲ್ಲ. ಎಲ್ಲ ಡಬ್ಬದ ಮೇಲೂ ನಗುವ ಮಗು, ಓಡುವ ರೋಬೋಟ್. ಆದರೆ ಡಬ್ಬದ ಮೇಲಿನ ಚಿತ್ರದಂತೆ ಜೋಡಿಸಿ ಮುಗಿದ ಮಾರನೇ ದಿನ ಮಗು ಅದರ ಜೊತೆ ಏನು ಮಾಡುತ್ತದೆ? ಓಡುತ್ತಿದ್ದದ್ದು ನಿಂತರೆ, ಯಾಕೆ ನಿಂತಿತು ಅಂತ ಅದೇ ಹುಡುಕುತ್ತದೆಯೇ, ನಮ್ಮ ಕೈಗೆ ಕೊಟ್ಟು ಎದ್ದು ಹೋಗುತ್ತದೆಯೇ? ನಾನು ಈ ಕಿಟ್‌ಗಳನ್ನು ಅಳೆದದ್ದು ಈ ಎರಡು ಪ್ರಶ್ನೆ ಇಟ್ಟುಕೊಂಡು.

ನಮ್ಮದು ನಾಪೋಕ್ಲು ಕಡೆಯ ಕಾಫಿ ತೋಟದ ಮನೆ. ಮಗಳಿಗೆ 9 ವರ್ಷ, ಅಣ್ಣನ ಮಗನಿಗೆ 13. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಬದುಕು ಗೊತ್ತಿರುವುದೇ. ಮಳೆ ಜೋರಾದರೆ ಶಾಲೆಗೆ ರಜೆ. ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟಿಲ್ಲ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಇಲ್ಲ. ಮಕ್ಕಳು ಮನೆಯೊಳಗೆ ಇರುವುದೂ ಆಗಲೇ, ಕಿಟ್ ಕೈಗೆ ಬರುವುದೂ ಆಗಲೇ. ಹಾಗಾಗಿ ನೆಟ್ ಇಲ್ಲದೆ ಕೋಡ್ ಬರೆಯಬಹುದೇ, ಸೆಲ್ ಊರಿನ ಅಂಗಡಿಯಲ್ಲಿ ಸಿಗುತ್ತದೆಯೇ, ಒಂದು ಮೋಟಾರು ಕೆಟ್ಟರೆ ಅದೊಂದನ್ನೇ ತರಿಸಬಹುದೇ ಅನ್ನುವುದು ನಮಗೆ ಬೆಲೆಯಷ್ಟೇ ಮುಖ್ಯ.

ನೋಡಿದ್ದು ನಾಲ್ಕು. ಲೆಗೋ ಸ್ಪೈಕ್ ಪ್ರೈಮ್, ಎಂಬಾಟ್, ಪುಟ್ಟ ಕಾರಿನ ಮೇಲೆ ಕೂರಿಸಿದ ಮೈಕ್ರೋಬಿಟ್ ಅನ್ನುವ ಪುಟಾಣಿ ಕಂಪ್ಯೂಟರ್ ಬೋರ್ಡ್, ಮತ್ತೆ ಬಿಡಿ ಭಾಗ ತರಿಸಿ ನಾವೇ ಕಟ್ಟಿದ, ಆರ್ಡುಯಿನೋ ಅನ್ನುವ ಇಂಥದ್ದೇ ಬೋರ್ಡಿನ ಬಂಡಿ.

ಲೆಗೋ

ಇದು ಬೆಂಗಳೂರಿನ ನೆಂಟರ ಮನೆಯಿಂದ ರಜೆಗೆಂದು ಬಂದದ್ದು. ಕೊಳ್ಳುವುದಾದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಡಬ್ಬದಲ್ಲಿ 528 ತುಂಡು. ಹಬ್ ಅನ್ನುವ ಮುಖ್ಯ ಭಾಗಕ್ಕೆ 6 ಪೋರ್ಟ್, ಅಂದರೆ ವೈರು ಸಿಕ್ಕಿಸುವ ಜಾಗ. ಮೂರು ಮೋಟಾರು, ಜೊತೆಗೆ ದೂರ, ಬಣ್ಣ, ಒತ್ತಡ ತಿಳಿಯುವ ಮೂರು ಸೆನ್ಸರ್.

ಇದನ್ನು ಬಳಸಿದ ಮೇಲೆ ಒಂದು ಮಾತು ಖಂಡಿತ ಹೇಳಬೇಕು: ಮೋಟಾರಿನ ವಿಷಯದಲ್ಲಿ ಉಳಿದ ಮೂರೂ ಇದರ ಹತ್ತಿರ ಬರುವುದಿಲ್ಲ. ತಾನು ಎಷ್ಟು ತಿರುಗಿದೆ ಅನ್ನುವುದು ಲೆಗೋ ಮೋಟಾರಿಗೆ ಗೊತ್ತಿರುತ್ತದೆ. "ಎರಡು ಸುತ್ತು ತಿರುಗು" ಅಂದರೆ ಸರಿಯಾಗಿ ಎರಡೇ ಸುತ್ತು. ಚಕ್ರದ ಅಡ್ಡಳತೆ 5.6 ಸೆಂಟಿಮೀಟರ್. ಅದನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿಗೆ ಸುಮಾರು 17.6 ಸೆಂಟಿಮೀಟರ್. ಅಣ್ಣನ ಮಗ ಈ ಲೆಕ್ಕ ಹಾಕಿ ರೋಬೋಟನ್ನು ಊಟದ ಮೇಜಿನ ಕಾಲಿನ ಹತ್ತಿರ ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲಿಸಿದ. ಶಾಲೆಯಲ್ಲಿ ಬರೀ ಅಂಕ ತರುತ್ತಿದ್ದ ಪರಿಧಿಯ ಸೂತ್ರ ಅವನ ಕೈಗೆ ಬಂತು. ಬೇರೆ ಮೂರರಲ್ಲಿ ಹೀಗೆ ಮಾಡಲಾಗುವುದಿಲ್ಲ. ಅಲ್ಲಿ "ಎರಡು ಸೆಕೆಂಡ್ ಓಡು" ಅನ್ನಬಹುದು ಅಷ್ಟೇ. ಸೆಲ್ ಹೊಸದಿದ್ದಾಗ ಒಂದು ದೂರ, ಇಳಿದಾಗ ಇನ್ನೊಂದು ದೂರ. ಎಡ ಬಲ ಮೋಟಾರು ಪೂರಾ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಬಂಡಿ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತದೆ.

ವೈರು ತಲೆಕೆಳಗಾಗಿ ಹಾಕಲು ಆಗುವುದೇ ಇಲ್ಲ ಅನ್ನುವುದೂ ದೊಡ್ಡ ಅನುಕೂಲ. ಏನಾದರೂ ಸರಿ ಹೋಗದಿದ್ದರೆ ಹೆಚ್ಚಾಗಿ ಅದು ಕೋಡಿನಲ್ಲಿ ಇರುತ್ತದೆ. ಚಿಕ್ಕ ಮಕ್ಕಳಿಗೆ ಹುಡುಕುವ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು.

ಆದರೂ ನಾನು ಕೊಳ್ಳಲಿಲ್ಲ. ಬೆಲೆ ಒಂದು ಕಾರಣ. ಇನ್ನೊಂದು, ಹಬ್‌ನ ಬ್ಯಾಟರಿ ಚಾರ್ಜ್ ಮಾಡುವಂಥದ್ದು, ನಾಪೋಕ್ಲುವಿನ ಅಂಗಡಿಯಿಂದ ಸೆಲ್ ತಂದು ಹಾಕುವ ಹಾಗಿಲ್ಲ. ಮೂರನೆಯದು, ಕಂಪನಿ ಒಂದು ಸರಣಿ ನಿಲ್ಲಿಸಿದರೆ ಮುಂದೇನು ಅನ್ನುವ ಚಿಂತೆ. 1998ರಲ್ಲಿ ಶುರುವಾದ ಮೈಂಡ್‌ಸ್ಟಾರ್ಮ್ಸ್ ಅನ್ನುವ ಹೆಸರಾಂತ ಸರಣಿಯನ್ನು ಲೆಗೋ 2022ರ ಕೊನೆಗೆ ನಿಲ್ಲಿಸಿತು. ಅಷ್ಟು ಹಣ ಹಾಕುವಾಗ ಇದನ್ನೂ ಯೋಚಿಸಬೇಕಲ್ವಾ?

ಎಂಬಾಟ್

ಚೀನಾದ ಮೇಕ್‌ಬ್ಲಾಕ್ ಕಂಪನಿಯದ್ದು. ಅಲ್ಯೂಮಿನಿಯಂ ಮೈ, ಎರಡು ಮೋಟಾರು, ಅಡೆತಡೆ ನೋಡುವ ಸೆನ್ಸರ್, ಗೆರೆ ಹಿಡಿದು ಹೋಗುವ ಸೆನ್ಸರ್, ಒಂದು ರಿಮೋಟ್. ಸ್ಕ್ರೂಡ್ರೈವರ್ ಕೂಡ ಡಬ್ಬದಲ್ಲೇ ಇದೆ. ಮಗಳು ತಾನೇ ಜೋಡಿಸಿದಳು, ಒಂದು ಮಧ್ಯಾಹ್ನ ಸಾಕಾಯಿತು. ಗಟ್ಟಿಯಾಗಿದೆ, ಮೇಜಿನಿಂದ ಬಿದ್ದರೂ ಏನೂ ಆಗಲಿಲ್ಲ. ಸೆನ್ಸರ್ ವೈರಿನ ತುದಿಗೆ ಫೋನ್ ವೈರಿನಂಥ ಪ್ಲಗ್, ಟಕ್ ಅಂತ ಕೂರುತ್ತದೆ.

ನನಗೆ ಇಷ್ಟವಾಗದ್ದು ಒಂದೇ. ಬರುವಾಗಲೇ ಅದರೊಳಗೆ ಮೂರು ಆಟ ತುಂಬಿರುತ್ತವೆ: ರಿಮೋಟ್‌ನಲ್ಲಿ ಓಡುವುದು, ಅಡ್ಡ ಬಂದರೆ ತಿರುಗುವುದು, ಗೆರೆ ಹಿಡಿದು ಹೋಗುವುದು. ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ. ಮಕ್ಕಳು ರಿಮೋಟ್ ಹಿಡಿದು ಖುಷಿಯಾಗಿ ಆಡುತ್ತಾರೆ, ಕೋಡ್ ಕಡೆ ಬರುವುದೇ ಇಲ್ಲ. ನಾನು ರಿಮೋಟನ್ನು ಅಲಮಾರಿನ ಮೇಲೆ ಇಟ್ಟ ಮೇಲೇ ಮಗಳು ಪರದೆಯ ಮೇಲೆ ಕೋಡಿನ ಬ್ಲಾಕ್ ಜೋಡಿಸಲು ಕುಳಿತದ್ದು. ಈ ಕಿಟ್ ತಂದರೆ ನೀವೂ ಹಾಗೇ ಮಾಡಿ. ಇದರ ಎಂಬ್ಲಾಕ್ ಸಾಫ್ಟ್‌ವೇರ್ ಸ್ಕ್ರಾಚ್ (ಬಣ್ಣದ ಬ್ಲಾಕ್ ಜೋಡಿಸಿ ಕೋಡ್ ಬರೆಯುವ ಮಕ್ಕಳ ಭಾಷೆ) ಮೇಲೆ ಕಟ್ಟಿದ್ದು, ಹಾಗಾಗಿ ಸ್ಕ್ರಾಚ್ ಗೊತ್ತಿದ್ದ ಮಕ್ಕಳಿಗೆ ಹೊಸದೇನೂ ಅನ್ನಿಸುವುದಿಲ್ಲ.

ಮೈಕ್ರೋಬಿಟ್

ನಮ್ಮ ಮನೆಯಲ್ಲಿ ಇಂದಿಗೂ ಮೇಜಿನ ಮೇಲೆ ಇರುವುದು ಇದು.

2016ರಲ್ಲಿ ಬ್ರಿಟನ್‌ನಲ್ಲಿ ಬಿಬಿಸಿ ಶಾಲಾ ಮಕ್ಕಳಿಗೆ ಪುಕ್ಕಟೆಯಾಗಿ ಹಂಚಿದ ಬೋರ್ಡ್ ಇದು. ಬೆಂಕಿಪೊಟ್ಟಣಕ್ಕಿಂತ ಒಂಚೂರು ಅಗಲ. 25 ಪುಟ್ಟ ದೀಪ, ಎರಡು ಗುಂಡಿ, ಅಲುಗಾಟ ತಿಳಿಯುವ ಸೆನ್ಸರ್, ದಿಕ್ಸೂಚಿ. 2020ರಲ್ಲಿ ಬಂದ ಎರಡನೇ ಆವೃತ್ತಿಗೆ ಸ್ಪೀಕರೂ ಮೈಕೂ ಇದೆ, ಕೊಂಡರೆ ಅದನ್ನೇ ಕೊಳ್ಳಿ. ನಾನು ತರಿಸುವಾಗ ಬೋರ್ಡ್‌ಗೆ ಎರಡು ಸಾವಿರದ ಆಸುಪಾಸು ಆಯಿತು. ಅದನ್ನು ಸಿಕ್ಕಿಸುವ ಕಾರಿಗೆ ಬೇರೆ ಹಣ. ಮಾಕ್ವೀನ್, ಕ್ಯೂಟ್‌ಬಾಟ್ ಅಂತೆಲ್ಲ ಇಂಥ ಕಾರುಗಳು ಹಲವು ಸಿಗುತ್ತವೆ. ಕಾರಿಗೆ ಹಾಕುವುದು ಸಣ್ಣ ಪೆನ್ಸಿಲ್ ಸೆಲ್, ಟಾರ್ಚಿಗೆ ರಿಮೋಟಿಗೆ ಅಂತ ಯಾವ ಅಂಗಡಿಯಲ್ಲೂ ಇರುವಂಥದ್ದು.

ನಮ್ಮ ಊರಿಗೆ ಇದು ಯಾಕೆ ಹೊಂದುತ್ತದೆ ಅಂದರೆ, ಎರಡು ಮೈಕ್ರೋಬಿಟ್‌ಗಳು ಒಂದರ ಜೊತೆ ಒಂದು ನೇರವಾಗಿ ರೇಡಿಯೋದಲ್ಲಿ ಮಾತಾಡುತ್ತವೆ. ವೈಫೈ ಬೇಡ, ಟವರ್ ಬೇಡ, ಫೋನೂ ಬೇಡ. ಎರಡಕ್ಕೂ ಒಂದೇ ಗುಂಪಿನ ಸಂಖ್ಯೆ ಕೊಟ್ಟರೆ ಸಾಕು. ಒಂದನ್ನು ಕಾರಿನಲ್ಲಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದರು. ಕೈ ಮುಂದಕ್ಕೆ ಬಾಗಿಸಿದರೆ ಕಾರು ಮುಂದೆ, ಎಡಕ್ಕೆ ಬಾಗಿಸಿದರೆ ಎಡಕ್ಕೆ. ಅಂಗಡಿಯ ರಿಮೋಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಮಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಈ ರಿಮೋಟ್ ಅವಳು ಮಾಡಿದ್ದು. ಕಾರು ಬೇಡದೆ ತಿರುಗಿದಾಗ ಕೈ ಎಷ್ಟು ಬಾಗಿದರೆ ತಿರುಗಬೇಕು ಅನ್ನುವ ಸಂಖ್ಯೆಯನ್ನು ತಾನೇ ಬದಲಾಯಿಸಿ ನೋಡಿದಳು, ಯಾರನ್ನೂ ಕೇಳಲಿಲ್ಲ.

ಕೋಡ್ ಬರೆಯಲು ಮೇಕ್‌ಕೋಡ್. ಒಮ್ಮೆ ಬ್ರೌಸರ್‌ನಲ್ಲಿ ತೆರೆದುಕೊಂಡಿದ್ದರೆ ನೆಟ್ ಹೋದ ಮೇಲೂ ಕೆಲಸ ಮಾಡುತ್ತದೆ. ಬೋರ್ಡನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣುತ್ತದೆ, ಫೈಲ್ ಎಳೆದು ಹಾಕಿದರೆ ಮುಗಿಯಿತು. ಲ್ಯಾಪ್‌ಟಾಪ್ ಸತ್ತ ದಿನ ಫೋನಿನಿಂದಲೂ ಹಾಕಬಹುದು, ಆದರೆ ಬ್ಲೂಟೂತ್ ಜೋಡಿಸುವುದು ಸ್ವಲ್ಪ ರಗಳೆ. ಚಿಕ್ಕವರಿಗೆ ದೊಡ್ಡವರು ಮಾಡಿಕೊಡಬೇಕು.

ಮಾರನೇ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇಲ್ಲೇ. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ಹಣ್ಣು ನೆನೆದರೆ ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆ ಕೈತಪ್ಪುತ್ತದೆ. ಮನೆಯಲ್ಲಿ ಎಲ್ಲರೂ ಮೋಡ ನೋಡುತ್ತಿದ್ದುದನ್ನು ಕಂಡು ಮಕ್ಕಳು ಕಾರಿನಿಂದ ಬೋರ್ಡ್ ಕಳಚಿದರು. ರಟ್ಟಿನ ಮೇಲೆ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿ ಅಂಟಿಸಿ, ನಡುವೆ ಸಣ್ಣ ಸಂದು ಬಿಟ್ಟು, ಮೈಕ್ರೋಬಿಟ್‌ಗೆ ಕ್ಲಿಪ್ ಹಾಕಿದರು. ಹನಿ ಬಿದ್ದರೆ ಎರಡು ಪಟ್ಟಿಯ ನಡುವೆ ಸ್ವಲ್ಪ ವಿದ್ಯುತ್ ಹರಿಯುತ್ತದೆ. ಬೋರ್ಡ್ ಅದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಸಂಖ್ಯೆ ಏರಿದರೆ ಒಳಗಿರುವ ಇನ್ನೊಂದು ಬೋರ್ಡ್ ಕೂಗಬೇಕು. ಮೊದಲು ಬೆಳಗಿನ ಮಂಜಿಗೂ ಕೂಗುತ್ತಿತ್ತು. ಮಂಜಿಗೆ ಎಷ್ಟು ಸಂಖ್ಯೆ, ಹನಿಗೆ ಎಷ್ಟು ಅಂತ ಬರೆದಿಟ್ಟುಕೊಂಡು ಸರಿಮಾಡಿದರು. ರೇಡಿಯೋ ಬಯಲಿನಲ್ಲಿ ಸುಮಾರು 70 ಮೀಟರ್ ಹೋಗುತ್ತದೆ ಅನ್ನುತ್ತಾರೆ. ನಮ್ಮ ಹಳೇ ಮನೆಯ ದಪ್ಪ ಗೋಡೆ ದಾಟಿ ಅಷ್ಟು ಬರಲಿಲ್ಲ, ಜಗಲಿಯ ಕಿಟಕಿಯ ಹತ್ತಿರ ಇಟ್ಟರೆ ಕೇಳುತ್ತದೆ. "ಇದು ನನಗೂ ಒಂದು ಬೇಕು ಮಗಳೇ" ಅಂತ ಪಕ್ಕದ ತೋಟದ ಅಜ್ಜ ಮಗಳ ಹತ್ತಿರ ಕೇಳಿದರು.

ಕೊರತೆ ಇಲ್ಲವೇ? ಇದೆ. ಕಾರಿನ ಚಕ್ರ ಸಣ್ಣದು, ಚಾಪೆಯ ಅಂಚಿಗೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕೆಂಪು ನೆಲದ ಮೇಲೆ ಕಪ್ಪು ಟೇಪಿನ ಗೆರೆ ಅದಕ್ಕೆ ಸರಿಯಾಗಿ ಕಾಣಲಿಲ್ಲ, ಬಿಳಿ ಚಾರ್ಟ್ ಹಾಳೆ ಹಾಸಬೇಕಾಯಿತು. ಜೋಡಿಸುವ ಕೆಲಸ ಕೂಡ ಕಡಿಮೆ. ಕೈಯಲ್ಲಿ ಕಟ್ಟುವ ಖುಷಿ ಬೇಕು ಅನ್ನುವ ಮಗುವಿಗೆ ಲೆಗೋ ಕೊಡುವಷ್ಟು ಇದು ಕೊಡುವುದಿಲ್ಲ.

ಆರ್ಡುಯಿನೋ

2005ರಲ್ಲಿ ಇಟಲಿಯ ಇವ್ರೆಯಾ ಊರಿನಲ್ಲಿ ಹುಟ್ಟಿದ ಬೋರ್ಡ್. ಅದರ ನಕ್ಷೆ ಎಲ್ಲರಿಗೂ ಮುಕ್ತ. ಆದ್ದರಿಂದಲೇ ಅದೇ ಥರದ ಬೋರ್ಡ್‌ಗಳು ಅಗ್ಗಕ್ಕೆ ಸಿಗುತ್ತವೆ. ಬೋರ್ಡ್, ಬಿಓ ಅನ್ನುವ ಹಳದಿ ಬಣ್ಣದ ಪುಟ್ಟ ಮೋಟಾರು, ಮೋಟಾರಿಗೆ ಕರೆಂಟ್ ಕೊಟ್ಟು ನಡೆಸುವ ಡ್ರೈವರ್ ಬೋರ್ಡ್, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಚಕ್ರ, ವೈರು ಎಲ್ಲ ಸೇರಿ ನಮಗೆ ಎರಡು ಸಾವಿರದೊಳಗೆ ಮುಗಿಯಿತು. ಒಂದು ಮೋಟಾರು ಸುಟ್ಟರೆ ಅದೊಂದನ್ನೇ ತರಿಸಿದರಾಯಿತು. ಈ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ.

ಕಷ್ಟ ಇರುವುದು ಬೇರೆ ಕಡೆ. ಬಂಡಿ ನಿಂತರೆ ತಪ್ಪು ಕೋಡಿನಲ್ಲಿರಬಹುದು, ವೈರಿನಲ್ಲಿರಬಹುದು, ಬ್ಯಾಟರಿಯಲ್ಲೂ ಇರಬಹುದು. ನಮ್ಮ ಬಂಡಿ ಮೊದಲು ಅಲುಗಾಡಲೇ ಇಲ್ಲ. ಕಿಟ್ ಜೊತೆ ಕೊಟ್ಟಿದ್ದು ಚೌಕದ 9 ವೋಲ್ಟ್ ಬ್ಯಾಟರಿ. ಮೋಟಾರಿಗೆ ಬೇಕಾದಷ್ಟು ಕರೆಂಟ್ ಅದರಿಂದ ಬರುವುದಿಲ್ಲ. ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ನಾಲ್ಕು ಹಾಕಿದೆವು, ಆಗಲೂ ಬರೀ ಗುಂಯ್ ಅಂದಿತು. ಅಣ್ಣನ ಮಗ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕುಳಿತ. ಅಂಥ ಸೆಲ್ ಒಂದಕ್ಕೆ 1.2 ವೋಲ್ಟ್, ನಾಲ್ಕಕ್ಕೆ 4.8. ನಾವು ಹಾಕಿದ್ದ ಎಲ್298ಎನ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ತಿಂದುಬಿಡುತ್ತದೆ. ಮೋಟಾರಿಗೆ ಉಳಿಯುವುದು ಮೂರಕ್ಕಿಂತ ಕಡಿಮೆ. ಕಾರಣ ತಾನೇ ಹುಡುಕಿದಾಗ ಆ ಹುಡುಗ ಎಷ್ಟು ಹಿಗ್ಗಿದ! ಎರಡು ಲಿಥಿಯಂ ಸೆಲ್ ಹಾಕಿದ ಮೇಲೆ ಬಂಡಿ ಓಡಿತು. ಆ ಸೆಲ್‌ಗಳನ್ನು ಮಾತ್ರ ಮಕ್ಕಳ ಕೈಗೆ ಬಿಡಬೇಡಿ. ಎರಡು ತುದಿಗೂ ಒಂದೇ ಲೋಹ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಹಾಕುವುದು, ತೆಗೆಯುವುದು, ಚಾರ್ಜಿಗಿಡುವುದು ದೊಡ್ಡವರ ಕೆಲಸ.

ಅಲ್ಟ್ರಾಸಾನಿಕ್ ಸೆನ್ಸರ್ ಬಗ್ಗೆಯೂ ಅವನು ಕಲಿತದ್ದು ಬಹಳ. ನಮ್ಮ ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ತಾಗಿ ಮರಳಲು ಎಷ್ಟು ಹೊತ್ತಾಯಿತು ಅಂತ ಅಳೆಯುವುದು ಅದರ ಕೆಲಸ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹೋಗಿ ಬರುವ ದಾರಿ ಆದ್ದರಿಂದ ಅರ್ಧ ಮಾಡಬೇಕು. ಗೋಡೆ ಕಂಡರೆ ಬಂಡಿ ಚೆನ್ನಾಗಿ ತಿರುಗುತ್ತಿತ್ತು, ನೇತುಹಾಕಿದ ಕಂಬಳಿಗೆ ಮಾತ್ರ ನೇರ ಹೋಗಿ ಗುದ್ದುತ್ತಿತ್ತು. ಮೆತ್ತನೆಯದು ಶಬ್ದವನ್ನು ನುಂಗುತ್ತದೆ ಅಂತ ಅವನು ಕಂಡುಕೊಂಡ. ಎಂಬಾಟ್‌ನಲ್ಲಿ ಇದೇ ರೀತಿಯ ಸೆನ್ಸರ್ ಇದೆ, ಆದರೆ ಅಲ್ಲಿ ಒಂದು ಬ್ಲಾಕ್ ಹಾಕಿದರೆ ದೂರ ತಾನೇ ಬರುತ್ತದೆ, ಈ ಲೆಕ್ಕ ಕಾಣುವುದಿಲ್ಲ.

ಮಗಳಿಗೆ ಇದು ಹಿಡಿಸಲಿಲ್ಲ. ಸಡಿಲವಾದ ವೈರು ಮತ್ತೆ ಮತ್ತೆ ಸಿಕ್ಕಿಸಿ ಅಳುವಷ್ಟಾಯಿತು. ಹತ್ತು ವರ್ಷದೊಳಗಿನವರಿಗೆ ಇದನ್ನು ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹನ್ನೆರಡು ದಾಟಿದ, ಕೆಟ್ಟ ಫ್ಯಾನ್ ಬಿಚ್ಚಿ ನೋಡುವ ಮಗುವಿಗೆ ಇದರಷ್ಟು ಒಳ್ಳೆಯದು ಇಲ್ಲ. ಜೊತೆಗೆ ಒಂದು ಮಲ್ಟಿಮೀಟರ್ ತಪ್ಪದೆ ಕೊಡಿಸಿ. ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಕಂಪ್ಯೂಟರಿಗೆ ಜೋಡಿಸಲು ಸಿಎಚ್340 ಅನ್ನುವ ಚಿಪ್ ಇರುತ್ತದೆ. ಅದರ ಡ್ರೈವರ್ ಸಾಫ್ಟ್‌ವೇರನ್ನು ನೆಟ್ ಇರುವಾಗಲೇ ಇಳಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಕಂಪ್ಯೂಟರ್ ಬೋರ್ಡನ್ನು ಗುರುತಿಸುವುದೇ ಇಲ್ಲ.

ಹಾಗಾದರೆ ಯಾವುದು?

ಒಂದೇ ಕಿಟ್ ಅಂದರೆ ನಾನು ಹೇಳುವುದು ಮೈಕ್ರೋಬಿಟ್, ಆದಷ್ಟೂ ಎರಡು ಬೋರ್ಡ್. ಕಾರು ಆಮೇಲೆ ತಂದರೂ ಸರಿ. ಮಗು ದೊಡ್ಡದಾದರೆ ಅಲ್ಲಿಂದ ಆರ್ಡುಯಿನೋಗೆ ದಾಟಲಿ. ಎಂಟೊಂಬತ್ತು ವರ್ಷದ ಮಗುವಿಗೆ, ಪಕ್ಕದಲ್ಲಿ ಕೂರಲು ನಿಮಗೆ ಬಿಡುವಿಲ್ಲದಿದ್ದರೆ, ಎಂಬಾಟ್ ಒಳ್ಳೆಯದು. ಲೆಗೋವನ್ನು ನಾಲ್ಕೈದು ಮನೆಯವರು ಸೇರಿ ಕೊಂಡರೆ, ಇಲ್ಲವೇ ಶಾಲೆ ಕೊಂಡರೆ ಅದರ ಬೆಲೆಗೆ ನ್ಯಾಯ ಸಿಗುತ್ತದೆ. ಕೊಳ್ಳುವ ಮುಂಚೆ ಮಗುವಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಇಂಥದ್ದನ್ನೆಲ್ಲ ಕೈಯಾರೆ ಮಾಡಿ ಕಲಿಯುವ ಕೋಣೆ) ಇದೆಯೇ ಅಂತ ಕೇಳಿ. ನೀತಿ ಆಯೋಗದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ. ಲ್ಯಾಬ್ ಇದ್ದರೆ ಮಕ್ಕಳು ಮೊದಲು ಅಲ್ಲೇ ಕೈಯಾಡಿಸಿ ನೋಡಲಿ.

ಇನ್ನು ಮಳೆಗಾಲದ ಜೋಪಾನ. ಯಾವ ಕಿಟ್ ಆದರೂ ಆಟ ಮುಗಿದ ಮೇಲೆ ಸೆಲ್ ತೆಗೆದಿಡಿ. ಈ ತೇವಕ್ಕೆ ಸೆಲ್ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಳೆಯ ಕಿಟ್ ಯಾರಾದರೂ ಮಾರುತ್ತಿದ್ದರೆ ಮೊದಲು ಬ್ಯಾಟರಿ ಡಬ್ಬಿ ತೆರೆದು ನೋಡಿ. ಹಸಿರು ಪುಡಿ ಕಂಡರೆ ಬೆಲೆ ಇಳಿಸಲು ಕೇಳಿ, ಬೋರ್ಡಿನ ಮೇಲೂ ಅದು ಹರಡಿದ್ದರೆ ಬಿಟ್ಟುಬಿಡಿ.