ಕೋವಿ ಅಗ್ಗ, ತೋಟಾ ದುಬಾರಿ: ಎಸ್‌ಕೆಎಸ್, ಎಂ1 ಗರಾಂಡ್ ಎರಡನ್ನೂ ವರ್ಷಗಟ್ಟಲೆ ಬಳಸಿದವನ ಮಾತು

ಡಾಲಸ್ ಸುತ್ತಮುತ್ತಲಿನ ನಮ್ಮ ಕನ್ನಡದವರಲ್ಲಿ ಯಾರಿಗಾದರೂ ಹಳೇ ಮಿಲಿಟರಿ ರೈಫಲ್ ಹುಚ್ಚು ಹಿಡಿದರೆ ಮೊದಲ ಫೋನ್ ನನಗೇ ಬರುತ್ತದೆ. ಪ್ರಶ್ನೆಯೂ ಒಂದೇ: "ಏಳೆಂಟು ನೂರು ಡಾಲರ್ ಇಟ್ಟಿದ್ದೀನಿ, ಸೆಮಿ ಆಟೊಮ್ಯಾಟಿಕ್ ಯಾವುದು ತಗೊಳ್ಲಿ?" ಸೆಮಿ ಆಟೊಮ್ಯಾಟಿಕ್ ಅಂದರೆ ಒಂದು ಸಲ ಒತ್ತಿದರೆ ಒಂದು ಗುಂಡು ಹೋಗಿ, ಮುಂದಿನದು ತಾನಾಗಿ ತುಂಬಿಕೊಳ್ಳುವ ರೈಫಲ್. ನಾನು ತಿರುಗಿ ಕೇಳುವುದೂ ಒಂದೇ. ತಿಂಗಳಿಗೆ ಎಷ್ಟು ಗುಂಡು ಹೊಡೆಯುತ್ತೀಯ? ಇದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. 2017ರಲ್ಲಿ ನನ್ನ ಹತ್ತಿರವೂ ಇರಲಿಲ್ಲ.

ನಾನು ಕೊಡಗಿನ ಕಡೆಯವನು. ನಮ್ಮಲ್ಲಿ ಕೋವಿ ಅಂದರೆ ಗಾಬರಿ ಬೀಳುವ ವಸ್ತು ಅಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಅದನ್ನು ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿ ಕಟ್ಟಿ ಗುರಿ ಇಡುವುದು ನೋಡುತ್ತಲೇ ಬೆಳೆದದ್ದು. ಆದರೆ ಅವೆಲ್ಲ ತೋಟಾ ಕೋವಿಗಳು (ಶಾಟ್‌ಗನ್), ಒಂಟಿ ನಳಿಗೆ ಅಥವಾ ಜೋಡಿ ನಳಿಗೆ. ನನ್ನ ತಲೆಗೆ ಮಿಲಿಟರಿ ರೈಫಲ್ ಹೊಕ್ಕಿಸಿದ್ದು ಸೋದರಮಾವ. ಸೈನ್ಯದಲ್ಲಿದ್ದವರು, ಇಶಾಪುರ ಕಾರ್ಖಾನೆಯ ಎಸ್‌ಎಲ್‌ಆರ್ ರೈಫಲ್ ಹೊತ್ತು ತಿರುಗಿದವರು. 1962ರ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆಯಬೇಕಾದ ತ್ರೀ ನಾಟ್ ತ್ರೀ. ಆಮೇಲೆ ಬಂದದ್ದು ಎಸ್‌ಎಲ್‌ಆರ್, ಬೆಲ್ಜಿಯಂನ ಎಫ್‌ಎನ್ ಕಂಪನಿಯ ಫಾಲ್ ರೈಫಲ್‌ನ ನಮ್ಮ ರೂಪ. ಮಾವ ಅದರ ಬಗ್ಗೆ ಮಾತಾಡುವಾಗ ಮನೆಯ ಹಸುವಿನ ಬಗ್ಗೆ ಮಾತಾಡಿದ ಹಾಗೆ ಇರುತ್ತಿತ್ತು.

ಹಾಗಾಗಿ ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ನನಗೆ ಬೇಕಾಗಿದ್ದು ಫಾಲ್. ರೇಟ್ ನೋಡಿದೆ. ಹೊಸದು 1500 ಡಾಲರ್ ದಾಟಿಯೇ ಶುರು. ಹಳೇ ಬಿಡಿಭಾಗ ತಂದು ಇಲ್ಲಿ ಜೋಡಿಸಿದ್ದು ಸ್ವಲ್ಪ ಕಡಿಮೆಗೆ ಸಿಗುತ್ತದೆ, ಆದರೆ ಜೋಡಿಸಿದವನು ಯಾರು ಅನ್ನುವುದರ ಮೇಲೆ ಲಾಟರಿ. ಬಿಟ್ಟೆ. ಅಮೆರಿಕ ಸೈನ್ಯದ ಎಂ14 ರೈಫಲ್‌ನ ನಾಗರಿಕ ರೂಪವಾದ ಎಂ1ಎ ಕೂಡ ಹೆಚ್ಚುಕಡಿಮೆ ಅದೇ ರೇಟು. ಅದರ ಮೇಲೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂತ ಹೆಸರಿದ್ದರೂ ಅದು ಖಾಸಗಿ ಕಂಪನಿ, ಅದೇ ಹೆಸರಿನ ಸರ್ಕಾರದ ಹಳೇ ಕಾರ್ಖಾನೆ 1968ರಲ್ಲೇ ಮುಚ್ಚಿತು. ಇದು ಗೊತ್ತಿಲ್ಲದೆ "ಅಸಲಿ ಸರ್ಕಾರಿ ಮಾಲು" ಅಂತ ಖುಷಿಪಡುವವರನ್ನು ಸುಮಾರು ಜನರನ್ನು ನೋಡಿದ್ದೇನೆ.

ಉಳಿದದ್ದು ಎಸ್‌ಕೆಎಸ್. ರಷ್ಯಾದ ಸಿಮೊನೋವ್ 1945ರಲ್ಲಿ ರೂಪಿಸಿದ್ದು, 7.62×39 ತೋಟಾ, ಹತ್ತು ಗುಂಡಿನ ಕಳಚದ ಮ್ಯಾಗಜೀನ್. ಎಕೆ-47 ತಿನ್ನುವ ತೋಟಾವೇ ಇದಕ್ಕೂ. 1994ರಲ್ಲಿ ಚೀನಾದ ರೈಫಲ್ ಆಮದು ನಿಲ್ಲುವ ಮೊದಲು ಇವು ನೂರು ಡಾಲರ್ ಒಳಗೆ ಸಿಗುತ್ತಿದ್ದವು ಅಂತ ಇಲ್ಲಿನ ಹಳಬರು ಈಗಲೂ ಹೊಟ್ಟೆ ಉರಿಸುತ್ತಾರೆ. ನಾನು ಕೊಂಡದ್ದು ಯುಗೊಸ್ಲಾವಿಯಾದ ಎಂ59/66, ಒಂದು ಗನ್ ಶೋನಲ್ಲಿ, 380 ಡಾಲರ್. ಮೂತಿಯಲ್ಲಿ ಗ್ರೆನೇಡ್ ಹಾರಿಸುವ ಕೊಳವೆ, ನಳಿಗೆಯ ಕೆಳಗೆ ಮಡಚಿದ ಬಯೊನೆಟ್. ನೋಡಲು ಗತ್ತು, ಹೊರಲು ಭಾರ.

ಮಾರಿದವನು ಎಲ್ಲಾ ಕ್ಲೀನ್ ಮಾಡಿದ್ದೇನೆ ಅಂದಿದ್ದ. ಹೊರಗೆ ಹೌದು. ಒಳಗೆ, ಬೋಲ್ಟ್‌ನಲ್ಲಿ ತೋಟಾದ ತಳಕ್ಕೆ ಬಡಿದು ಸಿಡಿಸುವ ಫೈರಿಂಗ್ ಪಿನ್ ಓಡಾಡುವ ಕೊಳವೆಯಲ್ಲಿ, ತುಕ್ಕು ಹಿಡಿಯದಿರಲಿ ಅಂತ ನಲವತ್ತು ವರ್ಷದ ಹಿಂದೆ ಬಳಿದ ಕಾಸ್ಮೊಲಿನ್ ಗ್ರೀಸ್ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿತ್ತು. ಎಸ್‌ಕೆಎಸ್‌ನಲ್ಲಿ ಸಾಮಾನ್ಯವಾಗಿ ಆ ಪಿನ್‌ಗೆ ಸ್ಪ್ರಿಂಗ್ ಇರುವುದಿಲ್ಲ, ಅದು ಸಡಿಲವಾಗಿ ಹಿಂದೆ ಮುಂದೆ ಆಡುತ್ತಿರಬೇಕು. ಗ್ರೀಸ್‌ನಲ್ಲಿ ಅಂಟಿ ಮುಂದೆಯೇ ನಿಂತರೆ, ಬೋಲ್ಟ್ ಮುಚ್ಚಿದ ಕೂಡಲೇ ಗುಂಡು ತಾನಾಗಿ ಹಾರುತ್ತದೆ. ನನಗೆ ಮೊದಲ ದಿನವೇ ಆಯಿತು. ಕುದುರೆ (ಟ್ರಿಗರ್) ಎಳೆದದ್ದು ಒಂದು ಸಲ, ಹೋದದ್ದು ಎರಡು ಗುಂಡು. ನಳಿಗೆ ಗುರಿ ಕಡೆಗೇ ಇತ್ತು, ಯಾರಿಗೂ ಏನೂ ಆಗಲಿಲ್ಲ, ಆದರೆ ಗುಂಡು ಹೊಡೆಯುವ ಜಾಗ ನೋಡಿಕೊಳ್ಳುವ ರೇಂಜಿನವನು ಬಂದು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಾರಿದವನನ್ನು ಬೈದೆ ನಿಜ, ಆದರೆ ತಪ್ಪು ನನ್ನದೂ ಹೌದು. ಹಳೇ ರೈಫಲ್ ಕೊಂಡರೆ ಮೊದಲ ಗುಂಡಿಗೆ ಮುಂಚೆ ಬೋಲ್ಟ್ ಬಿಚ್ಚಿ ತೊಳೆಯಬೇಕು. ತೊಳೆದು ಒಣಗಿಸಿ ಬೋಲ್ಟ್ ಅಲ್ಲಾಡಿಸಿದರೆ ಪಿನ್ "ಕಟ್ ಕಟ್" ಅನ್ನಬೇಕು. ಅನ್ನದಿದ್ದರೆ ರೇಂಜಿಗೆ ಹೋಗಬೇಡಿ.

ರೈಫಲ್‌ನ ಕಟ್ಟಿಗೆಗೆ, ಅಂದರೆ ಅದರ ಮರದ ಹಿಡಿಗೆ, ಹಿಡಿದ ಗ್ರೀಸ್ ತೆಗೆಯಲು ಟೆಕ್ಸಾಸ್ ಬಿಸಿಲಿಗಿಂತ ಒಳ್ಳೆ ಔಷಧಿ ಇಲ್ಲ. ಜುಲೈ ತಿಂಗಳಲ್ಲಿ ಕಟ್ಟಿಗೆಯನ್ನು ಕಪ್ಪು ಕಸದ ಚೀಲಕ್ಕೆ ಹಾಕಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟೆ. ಮೂರು ದಿನ ಮರ ಬೆವರಿತು, ದಿನಕ್ಕೆರಡು ಸಲ ಒರೆಸಿದೆ. ಕಾರಿನಲ್ಲಿ ಎರಡು ತಿಂಗಳು ಗ್ಯಾರೇಜ್ ವಾಸನೆ. ಮನೆಯವಳು ಆ ಕಾರಲ್ಲಿ ದೇವಸ್ಥಾನಕ್ಕೆ ಬರಲ್ಲ ಅಂದಳು.

ಎಂಟು ವರ್ಷದಲ್ಲಿ ಈ ಎಸ್‌ಕೆಎಸ್ ಕೆಟ್ಟದ್ದು ಒಂದೇ ಸಲ. ಗುಂಡು ಸಿಡಿದಾಗ ಹುಟ್ಟುವ ಗ್ಯಾಸ್‌ನ ಬಲದಿಂದಲೇ ಇದು ಮುಂದಿನ ಗುಂಡು ತುಂಬಿಕೊಳ್ಳುವುದು. ಯುಗೊ ಮಾದರಿಯಲ್ಲಿ ಗ್ರೆನೇಡ್ ಹಾರಿಸುವಾಗ ಆ ಗ್ಯಾಸ್ ತಡೆಯಲು ಒಂದು ವಾಲ್ವ್ ಇದೆ. ಅದು ಸವೆದರೆ ಗ್ಯಾಸ್ ಸೋರಿ ರೈಫಲ್ ಪ್ರತಿ ಗುಂಡಿಗೂ ಕೈಯಿಂದ ಎಳೆಯುವ ಹಾಗಾಗುತ್ತದೆ. ನನ್ನದು ನಾಲ್ಕನೇ ವರ್ಷ ಹಾಗೆ ಮಾಡಿತು. ಮೂವತ್ತು ಚಿಲ್ಲರೆ ಡಾಲರ್‌ಗೆ ಹೊಸ ವಾಲ್ವ್ ಬಂತು, ಅರ್ಧ ಗಂಟೆ ಕೆಲಸ. ಇನ್ನೊಂದು ವಿಷಯ, ಯುಗೊ ನಳಿಗೆಗೆ ಒಳಗೆ ಕ್ರೋಮ್ ಲೇಪನ ಇಲ್ಲ. ಅಗ್ಗ ಅಂತ ಹಳೇ ಯುಗೊ ಸರ್‌ಪ್ಲಸ್ (ಸೈನ್ಯದ ಉಳಿಕೆ) ತೋಟಾ ಹೊಡೆದರೆ ಅದರ ಪ್ರೈಮರ್‌ನ, ಅಂದರೆ ಕಿಡಿ ಹೊತ್ತಿಸುವ ಮದ್ದಿನ, ಉಪ್ಪು ನಳಿಗೆಯಲ್ಲಿ ಉಳಿದು ತುಕ್ಕು ತಿನ್ನುತ್ತದೆ. ಅವತ್ತೇ ಬಿಸಿ ನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. "ನಾಳೆ ಮಾಡಿದರಾಯ್ತು" ಅನ್ನುವವರು ಕ್ರೋಮ್ ಇರುವ ಚೀನಾದ್ದು ತಗೊಳ್ಳಿ, ನೂರು ಡಾಲರ್ ಜಾಸ್ತಿ ಆದರೂ.

ಗುರಿ? ನೂರು ಗಜದಲ್ಲಿ ಹತ್ತು ಗುಂಡು ಪೂರಿ ಅಗಲದೊಳಗೆ ಬೀಳುತ್ತವೆ. ಇದರ ಕುದುರೆ ಮಾತ್ರ ಎತ್ತಿನಗಾಡಿ ಎಳೆದ ಹಾಗೆ.

ಈಗ ದುಡ್ಡಿನ ಮಾತು. 2017ರಲ್ಲಿ ರಷ್ಯಾದ ಸ್ಟೀಲ್ ಕೇಸ್ ತೋಟಾ ಸಾವಿರದ ಪೆಟ್ಟಿಗೆಗೆ ನಾನು ಕೊಟ್ಟದ್ದು 220 ಡಾಲರ್. ಅಂದರೆ ಗುಂಡಿಗೆ 22 ಸೆಂಟ್. ಎಸ್‌ಕೆಎಸ್ ಬಡವನ ರೈಫಲ್ ಅನ್ನಿಸಿಕೊಂಡದ್ದು ಇದರಿಂದಲೇ. 2021ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ತೋಟಾ ಆಮದಿಗೆ ಹೊಸ ಪರ್ಮಿಟ್ ಕೊಡುವುದಿಲ್ಲ ಅಂತ ಹೇಳಿತು, ಅಲ್ಲಿಗೆ ಆ ಕಥೆ ಮುಗಿಯಿತು. ಈಗ ನಾನು 45 ಸೆಂಟ್‌ಗೆ ಸಿಕ್ಕರೆ ಪುಣ್ಯ ಅಂತ ತರುತ್ತೇನೆ. ಇದರ ಮೇಲೆ ಇನ್ನೊಂದು ತಲೆನೋವು. ಊರೊಳಗಿನ ಎಷ್ಟೋ ಇಂಡೋರ್ ರೇಂಜ್‌ಗಳಲ್ಲಿ ಬಾಗಿಲಲ್ಲೇ ಒಂದು ಅಯಸ್ಕಾಂತ ಹಿಡಿದು ನಿಂತಿರುತ್ತಾರೆ, ಗುಂಡಿಗೆ ಅಂಟಿದರೆ, ಅಂದರೆ ಅದರಲ್ಲಿ ಉಕ್ಕು ಇದ್ದರೆ, ಒಳಗೆ ಬಿಡುವುದಿಲ್ಲ. ಅಗ್ಗದ ತೋಟಾ ಎಲ್ಲಾ ಅಂಟುತ್ತದೆ. ಹಾಗಾಗಿ ನಲವತ್ತು ಮೈಲಿ ಆಚೆ ಬಯಲು ರೇಂಜಿಗೆ ಹೋಗಬೇಕು, ಪೆಟ್ರೋಲ್ ಲೆಕ್ಕಕ್ಕೆ ಸೇರಿಸಿಕೊಳ್ಳಿ.

2019ರಲ್ಲಿ ಪೌರತ್ವ ಸಿಕ್ಕಿತು. ಪ್ರಮಾಣ ಮಾಡಿ ಬಂದ ತಿಂಗಳೇ, ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೈನ್ಯ ಬಳಸಿದ ಗರಾಂಡ್ ರೈಫಲ್‌ಗೆ ಅರ್ಜಿ ಹಾಕಿದೆ. ಇದನ್ನು ಹೇಳಲು ಕಾರಣ ಇದೆ. ಸಿಎಂಪಿ ಅಂತ ಒಂದು ಸಂಸ್ಥೆ ಇದೆ, ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ. ಸೈನ್ಯದ ಹಳೇ ಎಂ1 ಗರಾಂಡ್‌ಗಳನ್ನು ಜನರಿಗೆ ಮಾರುವುದು ಇವರೇ. ಅಮೆರಿಕದ ಪೌರತ್ವ ಬೇಕು, ಅವರ ಒಪ್ಪಿಗೆಯ ಒಂದು ಕ್ಲಬ್‌ನ ಸದಸ್ಯತ್ವ ಬೇಕು, ಗುರಿ ಅಭ್ಯಾಸ ಮಾಡಿದ ಪುರಾವೆ ಬೇಕು. ಹಿನ್ನೆಲೆ ಪರಿಶೀಲನೆ ಅವರೇ ಮಾಡಿ, ಉದ್ದನೆಯ ಪೆಟ್ಟಿಗೆಯನ್ನು ಮನೆ ಬಾಗಿಲಿಗೇ ಕಳಿಸುತ್ತಾರೆ. ರ್‍ಯಾಕ್, ಫೀಲ್ಡ್, ಸರ್ವಿಸ್ ಅಂತ ದರ್ಜೆಗಳಿವೆ. ನಾನು ಸರ್ವಿಸ್ ದರ್ಜೆ ತಗೊಂಡೆ, ಸುಮಾರು 700 ಡಾಲರ್ ಆಯಿತು. ಈಗ ಜಾಸ್ತಿ ಆಗಿದೆ, ಆದರೂ ಅಂಗಡಿಯಲ್ಲಿ ಅದೇ ಸ್ಥಿತಿಯ ರೈಫಲ್‌ಗೆ ಕೇಳುವ ಬೆಲೆಗಿಂತ ಕಡಿಮೆ.

ಪೆಟ್ಟಿಗೆ ಬಿಚ್ಚಿದ ಸಂಜೆ ಮಗ ಹೋಮ್‌ವರ್ಕ್ ಬಿಟ್ಟು ಬಂದು ಕೂತ. ರಿಸೀವರ್, ಅಂದರೆ ರೈಫಲ್‌ನ ಉಕ್ಕಿನ ಒಡಲಿನ, ಹಿಂಬದಿಯ ಸರಣಿ ಸಂಖ್ಯೆ ಪ್ರಕಾರ 1944ರದ್ದು. ಬೋಲ್ಟ್ ಓಡಿಸುವ ಸರಳನ್ನು, ಅಂದರೆ ಆಪರೇಟಿಂಗ್ ರಾಡ್ ಅನ್ನು, ಹಿಂದಕ್ಕೆ ಎಳೆದು ಹಿಡಿದರೆ ನಳಿಗೆಯ ಪಕ್ಕದಲ್ಲಿ ಇನ್ನೊಂದು ತಾರೀಖು ಕಾಣುತ್ತದೆ, ಅದು ಐವತ್ತರ ದಶಕದ್ದು. ಅಂದರೆ ಯುದ್ಧ ಮುಗಿದ ಮೇಲೆ ಯಾವುದೋ ಡಿಪೋದಲ್ಲಿ ನಳಿಗೆ ಬದಲಾಗಿದೆ. ಕಟ್ಟಿಗೆಯ ಬಣ್ಣ ಮತ್ತೂ ಬೇರೆ. ಎಲ್ಲಾ ಭಾಗ ಒಂದೇ ಕಾಲದ್ದಿರುವ ರೈಫಲ್ ಬೇಕು ಅನ್ನುವವರು ಸಂಗ್ರಾಹಕರು, ಅವರ ಬಜೆಟ್ ಬೇರೆ. ಹೊಡೆಯುವವನಿಗೆ ಈ ಕಲಬೆರಕೆ ಏನೂ ತೊಂದರೆ ಇಲ್ಲ. ಐವತ್ತು ಲಕ್ಷಕ್ಕಿಂತ ಹೆಚ್ಚು ಮಾಡಿದ ರೈಫಲ್ ಇದು, ಬಿಡಿಭಾಗ ಎಲ್ಲೆಡೆ ಸಿಗುತ್ತದೆ.

ಎಂಟು ಗುಂಡು ಒಂದು ತಗಡಿನ ಕ್ಲಿಪ್ಪಿನಲ್ಲಿ ಒಟ್ಟಿಗೆ ಒಳಗೆ ಹೋಗುತ್ತವೆ. ಕ್ಲಿಪ್ ಒತ್ತಿದ ಹೆಬ್ಬೆರಳು ತಕ್ಷಣ ತೆಗೆಯದಿದ್ದರೆ ಬೋಲ್ಟ್ ಬಂದು ಕಚ್ಚುತ್ತದೆ. ನನಗೆ ಎರಡು ಸಲ ಆಗಿದೆ, ಎರಡನೇ ಸಲ ಉಗುರು ಕಪ್ಪಾಯಿತು, ಆಫೀಸಿನಲ್ಲಿ ಕಾರಿನ ಬಾಗಿಲು ಅಂತ ಸುಳ್ಳು ಹೇಳಿದೆ. ಎಂಟನೇ ಗುಂಡಿನ ಜೊತೆ ಖಾಲಿ ಕ್ಲಿಪ್ "ಟಿಣ್" ಅಂತ ಹಾರುತ್ತದೆ. ಆ ಸದ್ದಿಗೇ ಅರ್ಧ ಜನ ಈ ರೈಫಲ್ ಕೊಳ್ಳುವುದು, ನಾನೂ ಸೇರಿ. ನೂರು ಗಜದಲ್ಲಿ ಎಂಟೂ ಗುಂಡು ಇಡ್ಲಿ ಅಗಲದೊಳಗೆ. ಇದರ ಗುರಿಕಣ್ಣುಗಳು ಎಸ್‌ಕೆಎಸ್‌ಗಿಂತ ಎಷ್ಟೋ ಪಾಲು ಚೆನ್ನ. ನಲವತ್ತೈದು ವಯಸ್ಸು ದಾಟಿದ ಕಣ್ಣಿಗೆ ಈ ವ್ಯತ್ಯಾಸ ದೊಡ್ಡದು.

ಇದರ ತೋಟಾ ಥರ್ಟಿ ಆಟ್ ಸಿಕ್ಸ್. ಅಂಗಡಿಯಲ್ಲಿ ಬೇಟೆಗೆ ಮಾರುವ ಭಾರದ ತೋಟಾ ಇದಕ್ಕೆ ಹಾಕಬೇಡಿ, ಗ್ಯಾಸ್ ಒತ್ತಡ ಜಾಸ್ತಿಯಾಗಿ ಆಪರೇಟಿಂಗ್ ರಾಡ್ ಬಗ್ಗಬಹುದು. ಗರಾಂಡ್‌ಗೆ ಅಂತಲೇ ಮಾಡಿದ್ದು ತಗೊಳ್ಳಿ. ಒಂದು ಕಾಲಕ್ಕೆ ಗ್ರೀಸ್ ದೇಶದ ಸರ್‌ಪ್ಲಸ್ ತೋಟಾ ಸಿಎಂಪಿಯಲ್ಲೇ ಅಗ್ಗಕ್ಕೆ ಸಿಗುತ್ತಿತ್ತಂತೆ, ನಾನು ಹೋಗುವ ಹೊತ್ತಿಗೆ ಗೋಡೌನ್ ಖಾಲಿ. ನನಗೆ ಗುಂಡಿಗೆ ಒಂದು ಡಾಲರ್ ಮೇಲೆಯೇ ಬೀಳುತ್ತದೆ. ಆರು ವರ್ಷದಲ್ಲಿ ಸುಮಾರು 2200 ಗುಂಡು ಹೊಡೆದಿದ್ದೇನೆ. ರೈಫಲ್‌ಗೆ 700, ತೋಟಾಕ್ಕೆ 2400 ದಾಟಿದೆ. ಇದನ್ನು ಮನೆಯವಳಿಗೆ ಬರೆದು ತೋರಿಸಿಲ್ಲ.

ಮಧ್ಯದಲ್ಲಿ ಪಿಟಿಆರ್ ಬಗ್ಗೆ ಒಂದು ಮಾತು. ಜರ್ಮನಿ ಸೈನ್ಯದ ಜಿ3 ರೈಫಲ್‌ನ ನಕಲು, ದಕ್ಷಿಣ ಕೆರೊಲಿನಾದಲ್ಲಿ ತಯಾರಾಗುತ್ತದೆ. ಗೆಳೆಯನದ್ದನ್ನು ಎರಡು ವರ್ಷ ಹೊಡೆದಿದ್ದೇನೆ. ಪಾಕಿಸ್ತಾನದ ಸೈನ್ಯದ್ದು ಇದೇ ಜಿ3, ಹಾಗಾಗಿ ಮಾವನಿಗೆ ಅದರ ಫೋಟೋ ಕಳಿಸಿದಾಗ ಅವರು "ಥೂ" ಅಂತ ಒಂದೇ ಅಕ್ಷರ ಬರೆದರು. ಆದರೆ ಬಜೆಟ್ ದೃಷ್ಟಿಯಿಂದ ಕೆಟ್ಟದ್ದಲ್ಲ. ಸೈನ್ಯದ ಹಳೇ ಮ್ಯಾಗಜೀನ್ ಚಿಲ್ಲರೆ ಕಾಸಿಗೆ ಸಿಗುತ್ತವೆ, ತೋಟಾ 308 ಎಲ್ಲೆಡೆ ಇದೆ. ಒದೆತ ಮಾತ್ರ ಕತ್ತೆಯದು. ಖಾಲಿ ಕೇಸುಗಳನ್ನು ಸೊಟ್ಟ ಮಾಡಿ ಪಕ್ಕದ ಜಮೀನಿಗೆ ಎಸೆಯುತ್ತದೆ, ಅವನ್ನು ಆಯ್ದುಕೊಂಡು ಮತ್ತೆ ಮದ್ದು ತುಂಬಿ ಬಳಸುವವರಿಗೆ ಇದು ಬೇಡ. ಎಂ1 ಕಾರ್ಬೈನ್ (ಗರಾಂಡ್ ಅಲ್ಲ, ಅದೇ ಕಾಲದ ಗಿಡ್ಡ ರೈಫಲ್) ಮುದ್ದಾಗಿದೆ, ಹಗುರ, ಆದರೆ ಈಗಿನ ರೇಟಿಗೆ ಅದು ಬಜೆಟ್ ಪಟ್ಟಿಯಲ್ಲೇ ಇಲ್ಲ.

ಹೆಚ್-1ಬಿಯಲ್ಲಿ ಇರುವವರು ಸುಮ್ನೆ ಯಾರದೋ ಮಾತು ಕೇಳಿ ಅಂಗಡಿಗೆ ಹೋಗಬೇಡಿ. ಆ ವೀಸಾದವರು ಕೋವಿ ಇಟ್ಟುಕೊಳ್ಳುವುದಕ್ಕೆ ಸಾಮಾನ್ಯವಾಗಿ ನಿಷೇಧ ಇದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದರೆ ಅಂಗಡಿಯಲ್ಲಿ 4473 ಫಾರಂ ತುಂಬಿ ಕೊಳ್ಳಬಹುದು. ರಾಜ್ಯದ ಕಾನೂನು ಬೇರೆಯೇ ನೋಡಬೇಕು, ಕ್ಯಾಲಿಫೋರ್ನಿಯಾದಲ್ಲಿ ಕಳಚುವ ಮ್ಯಾಗಜೀನ್ ಇರುವ ಎಸ್‌ಕೆಎಸ್ ನಡೆಯುವುದಿಲ್ಲ. ಮತ್ತೆ ಬಜೆಟ್‌ನಲ್ಲಿ ಮೊದಲ ಖರ್ಚು ಬೀಗದ ಕಬ್ಬಿಣದ ಪೆಟ್ಟಿಗೆ. ನಮ್ಮನೆಯಲ್ಲಿ ಅದು ಬಂದ ಮೇಲೆಯೇ ಎಸ್‌ಕೆಎಸ್ ಒಳಗೆ ಬಂದದ್ದು, ಮಗನಿಗೆ ಆಗ ಆರು ವರ್ಷ.

ಹಾಗಾದರೆ ಯಾವುದು? ಪೌರತ್ವ ಇದ್ದು, ತಿಂಗಳಿಗೆ ನಲವತ್ತು ಗುಂಡು ಸಾಕು ಅನ್ನುವವನಿಗೆ ಗರಾಂಡ್, ಎರಡನೇ ಯೋಚನೆ ಬೇಡ. ಗ್ರೀನ್ ಕಾರ್ಡ್ ಇದ್ದು ಮೊದಲ ರೈಫಲ್ ಹುಡುಕುವವನಿಗೆ ಎಸ್‌ಕೆಎಸ್, ಆದರೆ ಈಗಿನ ಆರೇಳು ನೂರಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. ನಾನೂರಕ್ಕೆ ಅದು ಅದ್ಭುತ ರೈಫಲ್, ಏಳುನೂರಕ್ಕೆ ಪರವಾಗಿಲ್ಲ ಅನ್ನುವ ರೈಫಲ್. ಯಾರೋ ಪ್ಲಾಸ್ಟಿಕ್ ಕಟ್ಟಿಗೆ ಹಾಕಿ, ಮೂತಿ ಕೊಯ್ದದ್ದನ್ನು ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಹೋದ ವರ್ಷ ಮಾವ ವಿಸಿಟರ್ ವೀಸಾದಲ್ಲಿ ಬಂದಿದ್ದರು. ರೇಂಜಿಗೆ ಕರೆದುಕೊಂಡು ಹೋದೆ. ಕೈಗೆ ಕೊಡುವ ಹಾಗಿಲ್ಲ, ವಿಸಿಟರ್‌ಗೂ ಅದೇ ನಿಯಮ. ಕಿವಿಗೆ ಮಫ್ ಹಾಕಿಕೊಂಡು ಹಳದಿ ಗೆರೆಯ ಹಿಂದೆ, ಕೈ ಬೆನ್ನಿಗೆ ಕಟ್ಟಿ ನಿಂತಿದ್ದರು. ನಾನು ಎಂಟು ಗುಂಡು ಹೊಡೆದೆ, ಕ್ಲಿಪ್ ಹಾರಿತು. ತಿರುಗಿ ನೋಡಿದರೆ ಅವರು ಕ್ಲಿಪ್ ಕಡೆ ನೋಡಲೇ ಇಲ್ಲ. "ಗ್ಯಾಸ್ ಹೆಚ್ಚು ಕಮ್ಮಿ ಮಾಡೋಕೆ ರೆಗ್ಯುಲೇಟರ್ ಇಲ್ವಾ ಇದಕ್ಕೆ?" ಅಂದರು. ಇಲ್ಲ ಅಂದೆ. ಎಸ್‌ಎಲ್‌ಆರ್‌ಗೆ ಇತ್ತು ಅಂದರು. ಆಮೇಲೆ ನನ್ನ ಬಲ ಮೊಣಕೈ ತೋರಿಸಿ, ಅದು ಕೋಳಿ ರೆಕ್ಕೆ ಹಾಗೆ ಆಚೆ ಹೋಗುತ್ತಿದೆ, ಒಳಗೆ ತಗೋ ಅಂದರು. ಮುಂದಿನ ಎಂಟರಲ್ಲಿ ಆರು ಗುಂಡು ಒಂದಕ್ಕೊಂದು ತಾಗಿಕೊಂಡಿದ್ದವು. ಆ ಪೇಪರ್ ಮಡಚಿ ಸೂಟ್‌ಕೇಸ್‌ನಲ್ಲಿ ಊರಿಗೆ ತಗೊಂಡು ಹೋದರು. ಖಾಲಿ ಕ್ಲಿಪ್ ಕೂಡ ಒಂದು ಕೇಳಿದರು. ಏರ್‌ಪೋರ್ಟಲ್ಲಿ ಹಿಡಿದುಕೊಳ್ಳುತ್ತಾರೆ ಮಾವ, ಬೇಡ ಅಂದೆ.