ಕುಮಟೆಯ ಸುರಗಿ ದಂಡೆ: ಮೂರು ಮೊಳ ಕೊಂಡೆ

ಮಾರ್ಚ್ ಎರಡನೆಯ ವಾರ ತವರಿಗೆ ಹೋಗುವಾಗ ಕುಮಟೆಯ ಪೇಟೆಯಲ್ಲಿ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರ ಬುಟ್ಟಿಯಿಂದ ಮೂರು ಮೊಳ ಸುರಗಿ ಹೂವಿನ ದಂಡೆ ಕೊಂಡೆ. ಮೊಳಕ್ಕೆ 40 ರೂಪಾಯಿ. ಚೌಕಾಸಿ ಮಾಡಲಿಲ್ಲ, ಆ ದುಡಿಮೆಗೆ ಈ ಬೆಲೆ ತೀರಾ ಕಡಿಮೆ.

ದಂಡೆಯಲ್ಲಿ ಹೆಚ್ಚಿನವು ಮೊಗ್ಗುಗಳೇ, ಮುತ್ತಿನಂತೆ ದುಂಡಗೆ. ಅಲ್ಲಲ್ಲಿ ಬಿರಿದವುಗಳಲ್ಲಿ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗೊಂಚಲು. ಬಾಳೆನಾರಿನಲ್ಲಿ ಎಷ್ಟು ಒತ್ತಾಗಿ ಕಟ್ಟಿದ್ದರೆಂದರೆ ಮನೆ ಮುಟ್ಟುವವರೆಗೆ ಒಂದೂ ಉದುರಲಿಲ್ಲ. ನೆರಳಿನಲ್ಲಿ ಒಣಗಿಸಿ ಸೀರೆಯ ಪೆಟ್ಟಿಗೆಯಲ್ಲಿಟ್ಟೆ. ಈಗ ಜುಲೈ. ಹೂವು ಜೇನಿನ ಬಣ್ಣಕ್ಕೆ ತಿರುಗಿದೆ, ಮುಚ್ಚಳ ತೆರೆದರೆ ಪರಿಮಳ ಮಾತ್ರ ಅಂದಿನದೇ. ಮಲ್ಲಿಗೆಯಲ್ಲಿ ಈ ಗುಣವಿಲ್ಲ.

ಕೊಳ್ಳುವ ಮೊದಲು ಕೇಳಿದೆ: "ಕೊಂಬೆ ಕಡಿದು ಕೊಯ್ದದ್ದೋ ಅಜ್ಜಿ?"

"ಇಲ್ಲ ತಂಗಿ, ಮಗ ಏಣಿ ಹಾಕಿ ಹತ್ತುತ್ತಾನೆ. ಕೊಂಬೆ ಕಡಿದರೆ ಬರುವ ವರ್ಷ ಏನು ಮಾರಲಿ?"

ಈ ಉತ್ತರಕ್ಕೇ ನಾನು ಮನಸೋತೆ. ಸುರಗಿ ಚಿಗುರಿನ ತುದಿಯಲ್ಲಿ ಹೂ ಬಿಡುವುದಿಲ್ಲ. ಎಲೆ ಉದುರಿ ಬರಿದಾದ ಹಳೆಯ ಕೊಂಬೆಗೇ ಮೊಗ್ಗು ಅಂಟಿಕೊಂಡಂತೆ ಬರುತ್ತದೆ. ಕಡಿದ ಕೊಂಬೆ ಮತ್ತೆ ಚಿಗುರಿದರೂ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಮೊಗ್ಗು ಬಿರಿದರೆ ಜೇನುನೊಣ ಮುತ್ತುತ್ತವೆ, ಹಾಗಾಗಿ ನಸುಕಿನಲ್ಲೇ ಮರ ಹತ್ತಬೇಕು. ಪಶ್ಚಿಮ ಘಟ್ಟ ಮತ್ತು ಅದರ ಕರಾವಳಿಯದೇ ಆದ ಈ ನಿತ್ಯಹರಿದ್ವರ್ಣ ಮರ ಬೆಳೆಯುವುದು ಬಹಳ ನಿಧಾನ. ಎಲೆ ದಪ್ಪ, ಕಡುಹಸಿರು, ಚರ್ಮದಷ್ಟು ಗಟ್ಟಿ. ಸುರಹೊನ್ನೆ ಇದರ ಕುಟುಂಬದ್ದೇ, ಆದರೆ ಬೇರೆ ಮರ. ನಮ್ಮ ಹಿತ್ತಲ ಸುರಗಿಯನ್ನು ಕೊಟ್ಟಿಗೆಗೆ ಜಾಗ ಬೇಕೆಂದು ಕಡಿದಾಗ ನನಗೆ ಹನ್ನೆರಡು ವರ್ಷ. ಬುಡದಿಂದ ಒಸರಿದ ಹಳದಿ ಹಾಲು ನನ್ನ ಲಂಗಕ್ಕೆ ತಾಗಿದ ನೆನಪು ಇನ್ನೂ ಹಸಿಯಾಗಿದೆ.

ಒಂದು ಕೊರತೆ ಹೇಳಲೇಬೇಕು. ದಂಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಡುತ್ತಾರೆ. ಬಿಸಿಲಿಗೆ ಒಳಗೆಲ್ಲ ಬೆವರಿ, ಒಂದು ಮೊಳದಷ್ಟು ಹೂವು ಕಪ್ಪಾಯಿತು. ಬಾಳೆ ಎಲೆಯನ್ನೋ ಹತ್ತಿಯ ಬಟ್ಟೆಯನ್ನೋ ನೀವೇ ಒಯ್ಯಿರಿ.

ಬೆಳಗ್ಗೆ ಎಂಟರೊಳಗೆ ಹೋಗುವುದು ಒಳ್ಳೆಯದು. ನಾನು ಎಂಟೂವರೆಗೆ ತಲುಪಿದಾಗ ಬುಟ್ಟಿಯಲ್ಲಿ ಉಳಿದದ್ದು ಆ ಮೂರೇ ಮೊಳ.